ಫೀಡ್‌ಗೊಂದು ಜರಡಿ: ಕನ್ನಡ ಪದಗಳಿಗೆ ಕೀವರ್ಡ್ ಫಿಲ್ಟರ್ ಹಾಕುವುದು ಹೀಗೆ

ಅಪ್ಪ ತೀರಿಕೊಂಡ ಮೇಲೆ ಎರಡು ತಿಂಗಳು ನನಗೆ ಫೋನ್ ತೆರೆಯೋಕೇ ಭಯ. ಅವರಿಗೆ ಕ್ಯಾನ್ಸರ್ ಇತ್ತು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ರಾತ್ರಿಯೆಲ್ಲ ಅದರ ಬಗ್ಗೆಯೇ ಹುಡುಕಿದ್ದೆ, ಓದಿದ್ದೆ, ಸೇವ್ ಮಾಡಿಟ್ಟುಕೊಂಡಿದ್ದೆ. ಅವರು ಹೋದರು. ಆ ಸುದ್ದಿ ನನ್ನ ಫೀಡ್‌ಗೆ ಮಾತ್ರ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೊದಲ ಪೋಸ್ಟ್ ಹೊಸ ಚಿಕಿತ್ಸೆಯದು, ಎರಡನೆಯದು ಕಡೆಗಣಿಸಬಾರದ ಲಕ್ಷಣಗಳದು, ಮೂರನೆಯದು ಯಾರೋ ಗೊತ್ತಿಲ್ಲದವರ ಕೊನೆಯ ದಿನಗಳ ಕತೆ.

"ಆ ಪದಗಳನ್ನ ಮ್ಯೂಟ್ ಮಾಡಿಬಿಡು ಕಣೇ, ಸುಮ್ನೆ ಯಾಕೆ ಸಂಕಟಪಡ್ತೀಯ" ಅಂದಳು ಗೆಳತಿಯೊಬ್ಬಳು. ಮ್ಯೂಟ್ ಅಂದರೆ ಆ ಪದ ಇರುವ ಪೋಸ್ಟ್‌ಗಳು ನಮ್ಮ ಕಣ್ಣಿಗೆ ಬೀಳದಂತೆ ಫಿಲ್ಟರ್ ಹಾಕುವುದು. ಮಾಡಿದೆ. 'ಕ್ಯಾನ್ಸರ್' ಅಂತ ಒಂದು ಪದ ಹಾಕಿದೆ. ಅರ್ಧದಷ್ಟು ನಿಂತಿತು, ಇನ್ನರ್ಧ ಹಾಗೇ ಬರುತ್ತಿತ್ತು. ಯಾಕೆ ಅಂತ ಒಂದೊಂದೇ ಪೋಸ್ಟ್ ನೋಡಿದಾಗ ಗೊತ್ತಾಯಿತು. ಒಬ್ಬರು 'ಕ್ಯಾನ್ಸರಿಗೆ' ಅಂತ ಬರೆದಿದ್ದರು, ಇನ್ನೊಬ್ಬರು 'ಕ್ಯಾನ್ಸರಿನ' ಅಂತ, ಮತ್ತೊಬ್ಬರು 'ಅರ್ಬುದ ರೋಗ' ಅಂತ. ಕೆಲವರು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್‌ನಲ್ಲಿ ಒಂದು ಪದ ಹಾಕಿದರೆ ಮುಗಿಯುವ ಕೆಲಸ ಕನ್ನಡದಲ್ಲಿ ಒಂದು ಪದಕ್ಕೆ ಮುಗಿಯುವುದಿಲ್ಲ. ಫಿಲ್ಟರ್ ಬಗ್ಗೆ ಸಿಗುವ ಮಾರ್ಗದರ್ಶಿಗಳಲ್ಲಿ ನಾನು ಓದಿದವು ಯಾವುವೂ ಈ ಮಾತು ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಅದನ್ನೇ ಜಾಸ್ತಿ ಬರೆದಿದ್ದೇನೆ.

ಮೊದಲು ಪೆನ್ನು ಹಿಡಿಯಿರಿ, ಸೆಟ್ಟಿಂಗ್ಸ್ ಆಮೇಲೆ

ಹೆಚ್ಚಿನವರು ಸಿಟ್ಟು ಬಂದಾಗ ಸೆಟ್ಟಿಂಗ್ಸ್‌ಗೆ ಹೋಗಿ ತೋಚಿದ ಹತ್ತು ಪದ ಹಾಕಿಬಿಡುತ್ತಾರೆ. ಒಂದು ವಾರಕ್ಕೆ ಏನು ಹಾಕಿದ್ದೆವು ಅನ್ನೋದೇ ಮರೆತುಹೋಗುತ್ತದೆ. ಹಾಗೆ ಮಾಡಬೇಡಿ. ಮೂರು ದಿನ ಫೀಡನ್ನು ಎಂದಿನಂತೆ ನೋಡಿ. ಪಕ್ಕದಲ್ಲಿ ಒಂದು ಹಾಳೆ ಇರಲಿ. ಯಾವ ಪೋಸ್ಟ್ ನೋಡಿ ಮನಸ್ಸು ಕೆಟ್ಟಿತೋ, ಯಾವುದರಲ್ಲಿ ಬೇಡದಿದ್ದರೂ ಹತ್ತು ನಿಮಿಷ ಕಳೆದುಹೋಯಿತೋ, ಅದರಲ್ಲಿದ್ದ ಪದವನ್ನು ಅಲ್ಲಿ ಬರೆದಿದ್ದ ಹಾಗೆಯೇ ಬರೆದುಕೊಳ್ಳಿ. ನಿಮಗೆ ಸರಿ ಅನ್ನಿಸುವ ಕಾಗುಣಿತದಲ್ಲಿ ಅಲ್ಲ, ಅವರು ಬರೆದ ಕಾಗುಣಿತದಲ್ಲಿ.

ಮೂರು ದಿನ ಆದಮೇಲೆ ಪಟ್ಟಿಯ ಪ್ರತಿ ಪದದ ಮುಂದೆ ಒಂದು ಗುರುತು ಹಾಕಿ. ಇದು ನನಗೆ ಯಾವತ್ತೂ ಬೇಡವಾ? ಸ್ವಲ್ಪ ದಿನಕ್ಕೆ ಮಾತ್ರ ಬೇಡವಾ? ಇಲ್ಲಾ ಗೊತ್ತಿಲ್ಲದವರಿಂದ ಬೇಡ, ಗೊತ್ತಿರುವವರು ಬರೆದರೆ ಓದುತ್ತೇನಾ? ಈ ಮೂರೇ ಪ್ರಶ್ನೆ. ನನ್ನ ವಿಷಯದಲ್ಲಿ ಮೂರನೆಯದು ತುಂಬಾ ಮುಖ್ಯವಾಗಿತ್ತು. ಗೊತ್ತಿಲ್ಲದವರ ಕತೆ ಓದಿ ತಡೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಆದರೆ ನನ್ನ ಜೊತೆ ಓದಿದವಳ ತಾಯಿಗೆ ಅದೇ ಕಾಯಿಲೆ ಅಂತಾದರೆ ನನಗೆ ಅದು ತಿಳಿಯಲೇಬೇಕು. ಈ ಮೂರು ಬಗೆಗೂ ಆ್ಯಪ್‌ಗಳಲ್ಲಿ ಬೇರೆಬೇರೆ ಆಯ್ಕೆ ಇದೆ. ಹಾಗಾಗಿ ಈ ಗುರುತು ಮೊದಲೇ ಹಾಕಿಕೊಂಡರೆ ಮುಂದಿನ ಕೆಲಸ ಹತ್ತು ನಿಮಿಷದ್ದು.

ಒಂದು ಪದ ಅಲ್ಲ, ಒಂದು ಗೊಂಚಲು

ಫಿಲ್ಟರ್‌ಗೆ ಅರ್ಥ ಗೊತ್ತಿಲ್ಲ. ನೀವು ಕೊಟ್ಟ ಅಕ್ಷರಗಳ ಸಾಲು ಪೋಸ್ಟ್‌ನಲ್ಲಿ ಇದೆಯಾ ಅಂತ ಮಾತ್ರ ನೋಡುತ್ತದೆ. ಇದರಲ್ಲಿ ಎರಡು ಬಗೆ. ಕೆಲವು ಕಡೆ ಪೂರ್ತಿ ಪದ ಹೊಂದಿದರೆ ಮಾತ್ರ ಹಿಡಿಯುತ್ತದೆ. ಕೆಲವು ಕಡೆ ಪದದ ಒಂದು ತುಂಡು ಎಲ್ಲಿ ಸಿಕ್ಕರೂ ಹಿಡಿಯುತ್ತದೆ. ಕನ್ನಡದಲ್ಲಿ ನಾವು ಪದಕ್ಕೆ ಪ್ರತ್ಯಯ ಅಂಟಿಸುತ್ತಲೇ ಇರುತ್ತೇವೆ ಅಲ್ವಾ? 'ಕೊಲೆ' ಅನ್ನೋದು 'ಕೊಲೆಯ', 'ಕೊಲೆಗೆ', 'ಕೊಲೆಯಾದ', 'ಕೊಲೆಗಾರ' ಆಗುತ್ತದೆ. ತುಂಡು ಹಿಡಿಯುವ ಫಿಲ್ಟರ್‌ಗೆ 'ಕೊಲೆ' ಒಂದೇ ಸಾಕು. ಪೂರ್ತಿ ಪದ ಕೇಳುವ ಫಿಲ್ಟರ್‌ಗೆ ಐದನ್ನೂ ಕೊಡಬೇಕು.

ಇನ್ನು ಕೆಲವು ಪದಗಳ ಕೊನೆಯೇ ಬದಲಾಗುತ್ತದೆ. 'ಸಾವು' ಅನ್ನೋದು 'ಸಾವಿನ' ಆದಾಗ ಕೊನೆಯ 'ವು' ಹೋಗಿ 'ವಿ' ಬರುತ್ತದೆ. ಆಗ 'ಸಾವು' ಅಂತ ಹಾಕಿದ ಫಿಲ್ಟರ್ 'ಸಾವಿನ ಮನೆ'ಯನ್ನು ಹಿಡಿಯುವುದೇ ಇಲ್ಲ. ಇದಕ್ಕೆ ನಾನು ಒಂದು ಉಪಾಯ ಮಾಡಿದೆ. ಕೊನೆಯ ಗುಣಿತ ತೆಗೆದು 'ಸಾವ' ಅಂತ ಮಾತ್ರ ಹಾಕಿದೆ. ಕಂಪ್ಯೂಟರ್ ಒಳಗೆ 'ವು', 'ವಿ' ಎರಡೂ 'ವ' ಮತ್ತು ಅದರ ಪಕ್ಕ ಒಂದು ಗುಣಿತ ಚಿಹ್ನೆ ಅಂತಲೇ ಇರುತ್ತವೆ. ಹಾಗಾಗಿ 'ಸಾವ' ಎಲ್ಲವನ್ನೂ ಹಿಡಿಯಿತು.

ಸ್ವಲ್ಪ ಜಾಸ್ತಿಯೇ ಹಿಡಿಯಿತು. ಹಳೆಯ ಸ್ನೇಹಿತನೊಬ್ಬ ಆ ವಾರ ಒಂದೇ ಸಾಲು ಬರೆದಿದ್ದ: "ಕುಡಿತ ಬಿಟ್ಟು ಇವತ್ತಿಗೆ ಸಾವಿರ ದಿನ." ಅವನ ಕಷ್ಟ ನಾನು ಹತ್ತಿರದಿಂದ ನೋಡಿದವಳು. ಆ ಸಾಲು ನನಗೆ ಕಾಣಲೇ ಇಲ್ಲ. ಮೂರು ದಿನ ಬಿಟ್ಟು ಅವನೇ ಫೋನ್ ಮಾಡಿ, "ಎಲ್ರೂ ಒಂದು ಮಾತು ಹೇಳಿದ್ರು, ನೀನೊಬ್ಬಳೇ ಇಲ್ಲ" ಅಂದ. ಹೋಗಿ ನೋಡಿದೆ. 'ಸಾವಿರ' ಅನ್ನೋ ಪದದ ಹೊಟ್ಟೆಯಲ್ಲಿ 'ಸಾವ' ಇತ್ತು. 'ಸಾವಧಾನ'ದಲ್ಲೂ ಇತ್ತು. ಆ ದಿನಗಳಲ್ಲಿ ಸಾವಿರ ರೂಪಾಯಿ, ಸಾವಿರ ಜನ, ಸಾವಿರ ವಂದನೆ ಎಲ್ಲವೂ ನನ್ನ ಫೀಡ್‌ನಿಂದ ಮಾಯವಾಗಿದ್ದವು.

ಇದು ನನಗೊಬ್ಬಳಿಗೇ ಆದದ್ದಲ್ಲ. 1996ರಲ್ಲಿ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿಯ ಫಿಲ್ಟರ್ ಇಂಗ್ಲೆಂಡಿನ ಸ್ಕಂತೋರ್ಪ್ ಅನ್ನೋ ಪಟ್ಟಣದವರಿಗೆ ಖಾತೆ ತೆರೆಯಲು ಬಿಡಲಿಲ್ಲ. ಆ ಊರಿನ ಹೆಸರಿನ ನಡುವೆ ಒಂದು ಕೆಟ್ಟ ಪದದ ಅಕ್ಷರಗಳು ಸಾಲಾಗಿ ಬಂದಿದ್ದವು, ಅಷ್ಟೇ ಕಾರಣ. ಈ ಬಗೆಯ ತೊಂದರೆಗೆ ಇವತ್ತಿಗೂ ಆ ಊರಿನ ಹೆಸರೇ ಉಳಿದಿದೆ.

ಹಾಗಾಗಿ ಒಂದು ಅಳತೆ ಇಟ್ಟುಕೊಳ್ಳಿ. ತುಂಡು ಪದ ಹಾಕುವ ಮುಂಚೆ, ಅದು ಹೊಟ್ಟೆಯಲ್ಲೋ ತಲೆಯಲ್ಲೋ ಇರುವ ಬೇರೆ ಪದ ಯಾವುದಿದೆ ಅಂತ ಒಂದು ನಿಮಿಷ ಯೋಚಿಸಿ. ಆ್ಯಪ್‌ನ ಹುಡುಕುವ ಜಾಗದಲ್ಲೂ ಹಾಕಿ ನೋಡಬಹುದು. ಎರಡು ಅಕ್ಷರದ ತುಂಡು ಹೆಚ್ಚಾಗಿ ಅಪಾಯ. ಮೂರು ಅಕ್ಷರದ್ದು ಪರವಾಗಿಲ್ಲ. ನಾಲ್ಕಾದರೆ ಸಾಮಾನ್ಯವಾಗಿ ತಪ್ಪುವುದಿಲ್ಲ. 'ಸಾವ' ತೆಗೆದು ನಾನು ಹಾಕಿದ್ದು ಹೀಗೆ: ಸಾವು, ಸಾವಿನ, ಸಾವಿಗೆ, ಸಾವನ್ನ. ಕೊನೆಯದು 'ಸಾವನ್ನು', 'ಸಾವನ್ನಪ್ಪಿದ' ಎರಡನ್ನೂ ಹಿಡಿಯುತ್ತದೆ.

ಅರ್ಧಾಕ್ಷರದಲ್ಲಿ ಮುಗಿಯುವ ಪದಗಳಿಗೆ ಇನ್ನೊಂದು ಸುಲಭದ ದಾರಿ ಇದೆ. 'ಕ್ಯಾನ್ಸರ್' ಅಂತ ಹಾಕಬೇಡಿ, 'ಕ್ಯಾನ್ಸರ' ಅಂತ ಹಾಕಿ. ಕೊನೆಯ ಅರ್ಧಾಕ್ಷರದ ಹಲಂತ ಚಿಹ್ನೆ ತೆಗೆದರೆ 'ಕ್ಯಾನ್ಸರ್‌ಗೆ', 'ಕ್ಯಾನ್ಸರಿನ', 'ಕ್ಯಾನ್ಸರನ್ನು' ಎಲ್ಲವೂ ಒಂದೇ ಗಾಳಕ್ಕೆ ಸಿಗುತ್ತವೆ. 'ಕ್ರಿಕೆಟ' ಅಂತ ಹಾಕಿದರೆ 'ಕ್ರಿಕೆಟಿಗ'ನೂ ಸಿಗುತ್ತಾನೆ. ಇದು ತುಂಡು ಹಿಡಿಯುವ ಫಿಲ್ಟರ್‌ಗಳಲ್ಲಿ ಮಾತ್ರ ನಡೆಯುತ್ತದೆ, ನೆನಪಿರಲಿ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಈ ಭಾಗ ಸ್ವಲ್ಪ ಸೂಕ್ಷ್ಮ. ಆದರೆ ಇದು ಗೊತ್ತಿಲ್ಲದಿದ್ದರೆ "ನಾನು ಪದ ಹಾಕಿದ್ದೀನಿ, ಆದ್ರೂ ಬರ್ತಿದೆ" ಅಂತ ತಲೆ ಕೆಡಿಸಿಕೊಳ್ಳುತ್ತೀರಿ.

'ಫೇಸ್‌ಬುಕ್' ಅನ್ನೋ ಪದ ತೆಗೆದುಕೊಳ್ಳಿ. ಕೆಲವರು 'ಫೇಸ್‌ಬುಕ್' ಅಂತ ಬರೆಯುತ್ತಾರೆ, ಕೆಲವರು 'ಫೇಸ್ಬುಕ್' ಅಂತ ಒತ್ತಕ್ಷರ ಹಾಕಿ, ಇನ್ನು ಕೆಲವರು 'ಫೇಸ್ ಬುಕ್' ಅಂತ ನಡುವೆ ಜಾಗ ಬಿಟ್ಟು. ಮೊದಲನೆಯದರಲ್ಲಿ 'ಸ್' ಮತ್ತು 'ಬು' ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಫಿಲ್ಟರ್‌ಗೆ ಇವು ಮೂರೂ ಬೇರೆಬೇರೆ ಸಾಲುಗಳು. ನಿಮ್ಮ ಪಟ್ಟಿಯಲ್ಲಿ ಇಂಥ ಜೋಡಿ ಪದ ಇದ್ದರೆ ಮೂರೂ ಬಗೆಯಲ್ಲಿ ಹಾಕಿ.

ಇನ್ನೊಂದು, ಸೊನ್ನೆಯ ಗೊಂದಲ. ಕನ್ನಡದ ಅನುಸ್ವಾರವೂ ಸೊನ್ನೆಯ ಹಾಗೆ, ಕನ್ನಡದ ಅಂಕಿ ಸೊನ್ನೆಯೂ ಹಾಗೇ. ಅನುಸ್ವಾರದ ಬದಲು ಅಂಕಿಯನ್ನು ಟೈಪ್ ಮಾಡುವವರು ಇದ್ದಾರೆ. 'ಸಂಬಳ' ಮತ್ತು 'ಸ೦ಬಳ' ಎರಡನ್ನೂ ಹತ್ತಿರ ಇಟ್ಟು ನೋಡಿ. ಕೆಲವು ಫಾಂಟ್‌ಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಅಂಕಿ. ಅರ್ಕಾವತ್ತಿನ ಪದಗಳೂ ಹೀಗೇ. 'ಸೂರ್ಯ' ಅಂತ ಬರೆಯೋದಕ್ಕೂ 'ಸೂರ‍್ಯ' ಅಂತ ಬರೆಯೋದಕ್ಕೂ ಒಳಗಿನ ಅಕ್ಷರಸಾಲು ಬೇರೆ.

ಇಷ್ಟೆಲ್ಲ ನೆನಪಿಡೋದು ಬೇಡ ಅನ್ನಿಸಿದರೆ ಒಂದೇ ನಿಯಮ ಸಾಕು: ಪದವನ್ನು ಟೈಪ್ ಮಾಡಬೇಡಿ, ಕಾಪಿ ಮಾಡಿ. ನಿಮಗೆ ಬೇಡವಾದ ಪೋಸ್ಟ್‌ನಿಂದಲೇ ಪದ ಎತ್ತಿ ಫಿಲ್ಟರ್‌ಗೆ ಪೇಸ್ಟ್ ಮಾಡಿ. ಕಾಣದ ಚಿಹ್ನೆಗಳೂ ಜೊತೆಗೇ ಬರುತ್ತವೆ. ಇದಕ್ಕೆ ಫೋನಿಗಿಂತ ಕಂಪ್ಯೂಟರ್ ಬ್ರೌಸರ್ ಅನುಕೂಲ, ಒಂದೇ ಪದವನ್ನು ಗುರುತು ಮಾಡಿ ಎತ್ತಬಹುದು.

ಕಾಗುಣಿತದ ಭೇದಗಳನ್ನೂ ಮರೆಯಬೇಡಿ. ಕತೆ ಮತ್ತು ಕಥೆ, ಸಿನಿಮಾ ಮತ್ತು ಸಿನೆಮಾ, ಧಾರಾವಾಹಿ ಮತ್ತು ಧಾರವಾಹಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರೂ ತುಂಬಾ ಜನ. ಅವರಲ್ಲಿ ದೀರ್ಘ 'ಆ'ಗೆ ಕೆಲವರು ಒಂದೇ 'a' ಹಾಕುತ್ತಾರೆ, ಕೆಲವರು ಎರಡು. ಆ ಎರಡು ಬಗೆ ಹಾಕಿದರೆ ಬಹುಪಾಲು ಹಿಡಿದಂತೆ. ಅದಕ್ಕಿಂತ ಜಾಸ್ತಿ ಬೆನ್ನು ಹತ್ತಬೇಡಿ, ಕೊನೆಯೇ ಇಲ್ಲದ ಕೆಲಸ ಅದು.

ಈಗ ಆ್ಯಪ್‌ಗಳಿಗೆ ಬರೋಣ

ಮೊದಲೇ ಒಂದು ಮಾತು. ಆ್ಯಪ್ ಅಪ್‌ಡೇಟ್ ಆದಾಗ ಮೆನುಗಳ ಜಾಗ ಬದಲಾಗುತ್ತದೆ. ನಾನು ಹೇಳಿದ ಜಾಗದಲ್ಲಿ ಸಿಗದಿದ್ದರೆ, ಸೆಟ್ಟಿಂಗ್ಸ್ ಒಳಗೆ ಹುಡುಕುವ ಪೆಟ್ಟಿಗೆ ಇದ್ದರೆ ಅಲ್ಲಿ 'ಮ್ಯೂಟೆಡ್ ವರ್ಡ್ಸ್' ಅಥವಾ 'ಹಿಡನ್ ವರ್ಡ್ಸ್' ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಈ ಎರಡು ಹೆಸರಲ್ಲೇ ಹೆಚ್ಚಿನ ಕಡೆ ಇದು ಸಿಗುತ್ತದೆ.

ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಈ ಸೌಲಭ್ಯವನ್ನು 2016ರ ನವೆಂಬರ್‌ನಲ್ಲಿ ನೋಟಿಫಿಕೇಶನ್‌ಗಳಿಗೆ ಅಂತ ಶುರು ಮಾಡಿತು. ಈಗ ಹೋಮ್ ಟೈಮ್‌ಲೈನ್‌ಗೂ ಇದೆ. ದಾರಿ ಹೀಗೆ: ಸೆಟ್ಟಿಂಗ್ಸ್ ಆ್ಯಂಡ್ ಪ್ರೈವಸಿ, ಅದರೊಳಗೆ ಪ್ರೈವಸಿ ಆ್ಯಂಡ್ ಸೇಫ್ಟಿ, ಅದರೊಳಗೆ ಮ್ಯೂಟ್ ಆ್ಯಂಡ್ ಬ್ಲಾಕ್, ಕೊನೆಗೆ ಮ್ಯೂಟೆಡ್ ವರ್ಡ್ಸ್. ಪ್ಲಸ್ ಗುರುತು ಒತ್ತಿ ಪದ ಪೇಸ್ಟ್ ಮಾಡಿ. ಕೆಳಗೆ ಕೇಳುವ ಪ್ರಶ್ನೆಗಳು ನಿಮ್ಮ ಹಾಳೆಯ ಗುರುತುಗಳಿಗೆ ಸರಿಯಾಗಿ ಹೊಂದುತ್ತವೆ. ಹೋಮ್‌ನಲ್ಲಿ ತಡೆಯಬೇಕಾ, ನೋಟಿಫಿಕೇಶನ್‌ನಲ್ಲಾ, ಎರಡೂ ಕಡೆಯಾ? ನೋಟಿಫಿಕೇಶನ್‌ನಲ್ಲಿ ಎಲ್ಲರಿಂದ ಬಂದದ್ದನ್ನೂ ತಡೆಯಬೇಕಾ, ನೀವು ಫಾಲೋ ಮಾಡದವರಿಂದ ಬಂದದ್ದನ್ನು ಮಾತ್ರವಾ? ಎಷ್ಟು ದಿನ: 24 ಗಂಟೆ, 7 ದಿನ, 30 ದಿನ, ಇಲ್ಲಾ ನೀವೇ ತೆಗೆಯುವ ತನಕ?

ಪದ ಹಾಕಿದರೆ ಅದೇ ಪದದ ಹ್ಯಾಶ್‌ಟ್ಯಾಗ್ ಕೂಡ ಸೇರಿಕೊಳ್ಳುತ್ತದೆ, ಬೇರೆಯಾಗಿ ಹಾಕಬೇಕಿಲ್ಲ. ಇಂಗ್ಲಿಷ್ ಪದವಾದರೆ ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದ ಇಲ್ಲ. ಎಮೋಜಿಯನ್ನೂ ಮ್ಯೂಟ್ ಮಾಡಬಹುದು. ಕೆಲವು ಜಗಳಗಳಿಗೆ ಒಂದು ಎಮೋಜಿಯೇ ಗುರುತಾಗಿರುತ್ತದೆ, ಅದನ್ನು ಹಾಕಿದರೆ ಹತ್ತು ಪದ ಹಾಕುವ ಕೆಲಸ ಉಳಿಯುತ್ತದೆ. ಆದರೆ ನೀವೇ ಹುಡುಕಿದರೆ ಮ್ಯೂಟ್ ಆದ ಪದದ ಪೋಸ್ಟ್‌ಗಳು ಸರ್ಚ್‌ನಲ್ಲಿ ಕಾಣುತ್ತವೆ. ಅದು ಒಳ್ಳೆಯದೇ. ಬೇಕಾದಾಗ ಹೋಗಿ ನೋಡುವ ಬಾಗಿಲು ತೆರೆದೇ ಇರುತ್ತದೆ.

ಎಕ್ಸ್‌ನಂಥದೇ ಇನ್ನೊಂದು ಆ್ಯಪ್ ಆದ ಬ್ಲೂಸ್ಕೈನಲ್ಲಿ ಮಾಡರೇಶನ್ ಒಳಗೆ 'ಮ್ಯೂಟೆಡ್ ವರ್ಡ್ಸ್ ಆ್ಯಂಡ್ ಟ್ಯಾಗ್ಸ್' ಇದೆ. ಅವಧಿಯ ಆಯ್ಕೆ ಇಲ್ಲೂ ಅದೇ ಬಗೆ. ಬರಹ ಮತ್ತು ಟ್ಯಾಗ್ ಎರಡರಲ್ಲೂ ಹುಡುಕಬೇಕಾ, ಟ್ಯಾಗ್‌ನಲ್ಲಿ ಮಾತ್ರವಾ ಅಂತ ಕೇಳುತ್ತದೆ. ನನಗೆ ಇಲ್ಲಿ ತುಂಬಾ ಹಿಡಿಸಿದ್ದು, ನೀವು ಫಾಲೋ ಮಾಡುವವರನ್ನು ಬಿಟ್ಟು ಉಳಿದವರಿಗೆ ಮಾತ್ರ ಮ್ಯೂಟ್ ಅನ್ವಯಿಸುವ ಆಯ್ಕೆ. ಗೆಳತಿಯ ತಾಯಿಯ ಸುದ್ದಿ ನನಗೆ ಸಿಗಬೇಕು ಅಂದೆನಲ್ಲ, ಅದಕ್ಕೆ ಸರಿಯಾದ ಗುಂಡಿ ಇದು. ಸುಮ್ನೆ ದಾಟಿಹೋಗಬೇಡಿ, ಟಿಕ್ ಮಾಡಿ.

ಮಾಸ್ಟೊಡಾನ್ ಕೂಡ ಅಂಥದೇ ಒಂದು ಜಾಲತಾಣ. ಅದರ ಫಿಲ್ಟರ್ ನಾನು ಬಳಸಿದವುಗಳಲ್ಲಿ ಕನ್ನಡಕ್ಕೆ ಹೆಚ್ಚು ಒಗ್ಗುವಂಥದ್ದು. ಪ್ರಿಫರೆನ್ಸಸ್ ಒಳಗೆ ಫಿಲ್ಟರ್ಸ್‌ಗೆ ಹೋಗಿ ಹೊಸದೊಂದು ಮಾಡಿ. ಮೊದಲು ಅದಕ್ಕೊಂದು ಹೆಸರು ಕೊಡಬೇಕು. 'ಕಾಯಿಲೆ' ಅಂತ ಕೊಡಿ, ಏನು ಬೇಕಾದರೂ ಕೊಡಿ. ಆ ಹೆಸರಿನ ಕೆಳಗೆ ಎಷ್ಟು ಪದ ಬೇಕಾದರೂ ಸೇರಿಸಬಹುದು. ಪ್ರತ್ಯಯಗಳ ಇಡೀ ಗೊಂಚಲು ಒಂದೇ ಕಡೆ ಇರುತ್ತದೆ, ತೆಗೆಯುವಾಗಲೂ ಒಂದೇ ಸಲ ತೆಗೆಯಬಹುದು. ಪ್ರತಿ ಪದದ ಪಕ್ಕ 'ಹೋಲ್ ವರ್ಡ್' ಅನ್ನೋ ಟಿಕ್ ಇದೆ. ಅದು ಇದ್ದರೆ ಪೂರ್ತಿ ಪದ, ತೆಗೆದರೆ ತುಂಡು. ನನ್ನ 'ಸಾವ' ಎಡವಟ್ಟು ಆಗಿದ್ದು ಇಲ್ಲೇ, ಆ ಟಿಕ್ ತೆಗೆದು. ಚಿಕ್ಕ ಪದಕ್ಕೆ ಟಿಕ್ ಇಡಿ, ಉದ್ದ ಪದಕ್ಕೆ ತೆಗೆಯಿರಿ.

ಇಲ್ಲಿ ಇನ್ನೊಂದು ಆಯ್ಕೆ ಇದೆ: ಪೂರ್ತಿ ಮರೆಮಾಡಬೇಕಾ, ಎಚ್ಚರಿಕೆ ತೋರಿಸಿ ಮರೆಮಾಡಬೇಕಾ? ಮೊದಲ ಎರಡು ವಾರ ಎಚ್ಚರಿಕೆಯನ್ನೇ ಆರಿಸಿ. ಪೋಸ್ಟ್‌ನ ಜಾಗದಲ್ಲಿ ನಿಮ್ಮ ಫಿಲ್ಟರ್‌ನ ಹೆಸರು ಮಾತ್ರ ಕಾಣುತ್ತದೆ, ಬೇಕಾದರೆ ಒತ್ತಿ ಓದಬಹುದು. ಫಿಲ್ಟರ್ ಏನನ್ನು ತಪ್ಪಾಗಿ ಹಿಡಿಯುತ್ತಿದೆ ಅನ್ನೋದು ಆಗ ನಿಮಗೇ ಗೊತ್ತಾಗುತ್ತದೆ. ನಾನು ಮೊದಲೇ ಹೀಗೆ ಮಾಡಿದ್ದರೆ ಸ್ನೇಹಿತನ ಆ ಸಾಲು ತಪ್ಪುತ್ತಿರಲಿಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಕೆಲಸಗಳು ಬೇರೆಬೇರೆ ಜಾಗದಲ್ಲಿವೆ, ತುಂಬಾ ಜನ ಇದನ್ನು ಒಂದೇ ಅಂದುಕೊಳ್ಳುತ್ತಾರೆ. 'ಹಿಡನ್ ವರ್ಡ್ಸ್' ಅನ್ನೋದು 2021ರಲ್ಲಿ ಬಂತು. ಅದು ನಿಮ್ಮ ಪೋಸ್ಟ್‌ಗೆ ಬರುವ ಕಾಮೆಂಟ್ ಮತ್ತು ನಿಮಗೆ ಬರುವ ಮೆಸೇಜ್ ರಿಕ್ವೆಸ್ಟ್‌ಗಳಿಗೆ. ನಿಮ್ಮದೇ ಪದಗಳ ಪಟ್ಟಿಯನ್ನು ಅಲ್ಪವಿರಾಮ ಹಾಕಿ ಕೊಡಬಹುದು. ಆ ಪದ ಇರುವ ರಿಕ್ವೆಸ್ಟ್ ಬೇರೆ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಫೀಡ್‌ನದು ಬೇರೆ. ಸೆಟ್ಟಿಂಗ್ಸ್‌ನಲ್ಲಿ 'ಕಂಟೆಂಟ್ ಪ್ರಿಫರೆನ್ಸಸ್' ಅನ್ನೋ ಭಾಗದಲ್ಲಿ ನಿರ್ದಿಷ್ಟ ಪದಗಳನ್ನು ಸೇರಿಸುವ ಜಾಗ ಇದೆ. ಕ್ಯಾಪ್ಶನ್‌ನಲ್ಲಿ ಅಥವಾ ಹ್ಯಾಶ್‌ಟ್ಯಾಗ್‌ನಲ್ಲಿ ಆ ಪದ ಇರುವ ಪೋಸ್ಟ್, ರೀಲ್‌ಗಳನ್ನು ಅದು ನಿಮಗೆ ಸೂಚಿಸುವುದನ್ನು ನಿಲ್ಲಿಸುತ್ತದೆ. ಇದು ಆ್ಯಪ್ ತಾನಾಗಿ ತಂದು ತೋರಿಸುವ ಪೋಸ್ಟ್‌ಗಳಿಗೆ ಮಾತ್ರ. ನೀವು ಫಾಲೋ ಮಾಡುವವರು ಬರೆದದ್ದು ಬಂದೇ ಬರುತ್ತದೆ. ಫೀಡ್ ಪೂರ್ತಿ ದಾರಿ ತಪ್ಪಿದೆ ಅನ್ನಿಸಿದರೆ, ಸೂಚನೆಗಳನ್ನು ಅಳಿಸಿ ಮೊದಲಿನಿಂದ ಶುರು ಮಾಡುವ ರೀಸೆಟ್ ಕೂಡ ಇದೆ. ನನ್ನ ಆಸ್ಪತ್ರೆಯ ರಾತ್ರಿಗಳ ಹುಡುಕಾಟದಿಂದ ತುಂಬಿಹೋಗಿದ್ದ ಫೀಡ್‌ಗೆ ಆ ರೀಸೆಟ್ಟೇ ಹೆಚ್ಚು ಉಪಯೋಗಕ್ಕೆ ಬಂತು.

ಥ್ರೆಡ್ಸ್‌ನಲ್ಲೂ ಹಿಡನ್ ವರ್ಡ್ಸ್ ಇದೆ. ಟಿಕ್‌ಟಾಕ್ ಇರುವ ದೇಶಗಳಲ್ಲಿ ಅದರಲ್ಲೂ ಕೀವರ್ಡ್ ಫಿಲ್ಟರ್ 2022ರಿಂದ ಇದೆ. ಟಂಬ್ಲರ್‌ನಲ್ಲಿ ಟ್ಯಾಗ್‌ಗೆ ಒಂದು, ಬರಹಕ್ಕೆ ಒಂದು ಅಂತ ಎರಡು ಪಟ್ಟಿ.

ಫೇಸ್‌ಬುಕ್ 2018ರಲ್ಲಿ ಪದಗಳನ್ನು 30 ದಿನ ಮರೆಮಾಡುವ ಪ್ರಯೋಗ ಮಾಡಿತ್ತು, ಆದರೆ ಅದು ಕಾಯಂ ಆಗಿ ಉಳಿಯಲಿಲ್ಲ. ಈಗ ಅಲ್ಲಿ ಮಾಡಬಹುದಾದದ್ದು ಇಷ್ಟು: ಪೋಸ್ಟ್‌ನ ಮೂಲೆಯ ಮೂರು ಚುಕ್ಕಿ ಒತ್ತಿ ಇಂಥದ್ದು ಕಡಿಮೆ ತೋರಿಸು ಅನ್ನಬಹುದು, ಇಲ್ಲಾ ಆ ವ್ಯಕ್ತಿ, ಪೇಜ್ ಅಥವಾ ಗ್ರೂಪನ್ನು 30 ದಿನ ಸ್ನೂಜ್ ಮಾಡಬಹುದು, ಅಂದರೆ ಅಷ್ಟು ದಿನ ಅವರ ಪೋಸ್ಟ್ ಕಾಣದಂತೆ ಮಾಡಬಹುದು. ನಿಮ್ಮದೇ ಪೇಜ್ ಇದ್ದರೆ ಕಾಮೆಂಟ್‌ಗಳಿಗೆ ಪದಪಟ್ಟಿ ಹಾಕಲು ಅವಕಾಶ ಇದೆ. ಯೂಟ್ಯೂಬ್ ಕೂಡ ಹಾಗೆಯೇ. ಚಾನೆಲ್ ನಡೆಸುವವರಿಗೆ ಸ್ಟುಡಿಯೋದಲ್ಲಿ ಬ್ಲಾಕ್ಡ್ ವರ್ಡ್ಸ್ ಇದೆ. ನೋಡುವವರಿಗೆ 'ನಾಟ್ ಇಂಟರೆಸ್ಟೆಡ್' ಮತ್ತು 'ಡೋಂಟ್ ರೆಕಮೆಂಡ್ ಚಾನೆಲ್'. ಕಂಪ್ಯೂಟರ್‌ನಲ್ಲಿ ನೋಡುವವರು ಬ್ಲಾಕ್‌ಟ್ಯೂಬ್ ಅನ್ನೋ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಮ್, ಹಾಕಿಕೊಂಡು ವಿಡಿಯೋ ಶೀರ್ಷಿಕೆಯ ಪದ ನೋಡಿ ತಡೆಯಬಹುದು. ಯಾವುದೇ ಎಕ್ಸ್‌ಟೆನ್ಶನ್ ಹಾಕುವ ಮುಂಚೆ ಅದು ಯಾವ ಪುಟಗಳನ್ನು ಓದಲು ಅನುಮತಿ ಕೇಳುತ್ತಿದೆ ಅಂತ ನೋಡಿ. ಒಂದು ಸೈಟ್‌ಗೆ ಬೇಕಾದ ಎಕ್ಸ್‌ಟೆನ್ಶನ್ ಎಲ್ಲ ಸೈಟ್‌ಗಳ ಅನುಮತಿ ಕೇಳಿದರೆ ಹಾಕಬೇಡಿ.

ಹಾಕಿದ ಮೇಲೆ ಪರೀಕ್ಷೆ ಮಾಡಿ

ನಿಮ್ಮ ಹೋಮ್ ಫೀಡ್‌ನಲ್ಲಿ ಈಗ ಕಾಣುತ್ತಿರುವ, ಆ ಪದ ಇರುವ ಒಂದು ಪೋಸ್ಟ್ ಗುರುತು ಮಾಡಿಕೊಳ್ಳಿ. ಪದ ಹಾಕಿ, ಹೋಮ್‌ಗೆ ವಾಪಸ್ ಬಂದು ರಿಫ್ರೆಶ್ ಮಾಡಿ. ಪೋಸ್ಟ್ ಹೋಯಿತಾ? ಆಮೇಲೆ ಪ್ರತ್ಯಯ ಸೇರಿದ ರೂಪ ಇರುವ ಇನ್ನೊಂದು ಪೋಸ್ಟ್ ನೋಡಿ. ಅದೂ ಹೋಗಿದ್ದರೆ ಆ ಆ್ಯಪ್ ತುಂಡು ಹಿಡಿಯುತ್ತದೆ ಅಂತ ಅರ್ಥ. ಉಳಿದಿದ್ದರೆ ಗೊಂಚಲನ್ನೇ ಕೊಡಬೇಕು. ನಿಮ್ಮದೇ ಪೋಸ್ಟ್ ಬರೆದು ಪರೀಕ್ಷೆ ಮಾಡಲು ಹೋಗಬೇಡಿ, ನಿಮ್ಮ ಪೋಸ್ಟ್ ನಿಮಗೆ ಕಾಣುತ್ತಲೇ ಇರಬಹುದು.

ಮುಂದಿನ ಕಂತು ನೋಡುವ ತನಕ ಕತೆಯ ಗುಟ್ಟು ತಿಳಿಯಬಾರದು, ಪಂದ್ಯದ ರೆಕಾರ್ಡಿಂಗ್ ನೋಡುವ ತನಕ ಫಲಿತಾಂಶ ತಿಳಿಯಬಾರದು ಅನ್ನೋರಿಗೆ 24 ಗಂಟೆಯ ಮ್ಯೂಟ್ ಸಾಕು. ಆದರೆ ಬರೀ ಪಂದ್ಯದ ಹೆಸರು ಹಾಕಿದರೆ ಆಗುವುದಿಲ್ಲ. ತಂಡಗಳ ಹೆಸರು, ಅವುಗಳ ಚುಟುಕು ಹೆಸರು, ನಾಲ್ಕಾರು ಆಟಗಾರರ ಹೆಸರು, ಇಷ್ಟಾದರೂ ಬೇಕು. 'ಗೆದ್ದ' ಅಂತ ಒಂದು ತುಂಡು ಹಾಕಿದರೆ 'ಗೆದ್ದರು', 'ಗೆದ್ದಿತು' ಎರಡೂ ನಿಲ್ಲುತ್ತವೆ. ಒಂದು ದಿನದ ಮಟ್ಟಿಗೆ ಅಷ್ಟು ದೊಡ್ಡ ಬಲೆ ಬೀಸಿದರೂ ನಷ್ಟವಿಲ್ಲ.

ಜರಡಿಯಿಂದ ತಪ್ಪಿಸಿಕೊಳ್ಳುವವು, ಜರಡಿಗೆ ಹಾಕಬಾರದವು

ಚಿತ್ರದೊಳಗೆ ಬರೆದ ಅಕ್ಷರಗಳನ್ನು ಈ ಫಿಲ್ಟರ್‌ಗಳು ಸಾಮಾನ್ಯವಾಗಿ ಓದುವುದಿಲ್ಲ. ವಿಡಿಯೋದಲ್ಲಿ ಆಡಿದ ಮಾತೂ ಅಷ್ಟೇ. ಮೀಮ್, ಪೇಪರ್ ಕಟಿಂಗ್, ಸ್ಕ್ರೀನ್‌ಶಾಟ್ ಎಲ್ಲವೂ ನುಸುಳಿ ಬರುತ್ತವೆ. ಇಂಥದ್ದನ್ನು ಮೇಲಿಂದ ಮೇಲೆ ಹಾಕುವ ಒಂದೋ ಎರಡೋ ಖಾತೆ ಇರುತ್ತವೆ, ಅವುಗಳನ್ನೇ ಮ್ಯೂಟ್ ಮಾಡಿ. ಮತ್ತೆ, ಮರೆಮಾಡಿದ ಮಾತ್ರಕ್ಕೆ ಆ್ಯಪ್‌ಗೆ ನಿಮ್ಮ ಇಷ್ಟ ತಿಳಿಯುವುದಿಲ್ಲ. ನುಸುಳಿ ಬಂದದ್ದರ ಮೇಲೆ ನಿಂತು ನೋಡಿದರೆ ಇನ್ನಷ್ಟು ಬರುತ್ತದೆ. ಆಗೆಲ್ಲ 'ನಾಟ್ ಇಂಟರೆಸ್ಟೆಡ್' ಒತ್ತಿ ಮುಂದೆ ಹೋಗಿ.

ನೆರೆ, ಭೂಕಂಪ, ಬೆಂಕಿ, ಸಾಂಕ್ರಾಮಿಕ ರೋಗದ ಎಚ್ಚರಿಕೆ, ಇಂಥ ಪದಗಳನ್ನು ಯಾವತ್ತೂ ಹಾಕಬೇಡಿ. ಮನಸ್ಸಿಗೆ ಭಾರ ಅನ್ನಿಸಿದರೆ ಒಂದು ದಿನ ಫೋನನ್ನೇ ಪಕ್ಕಕ್ಕಿಡಿ, ಆದರೆ ಎಚ್ಚರಿಕೆಯ ದಾರಿ ಮುಚ್ಚಬೇಡಿ. ನಿಮ್ಮ ಹೆಸರನ್ನೂ ಹಾಕಬೇಡಿ. ಯಾರಾದರೂ ನಿಮ್ಮ ಬಗ್ಗೆ ಬರೆದದ್ದು ನಿಮಗೇ ಕಾಣದೆ ಹೋಗುತ್ತದೆ.

ಇದು ಇನ್ನೂ ಮುಖ್ಯ. ಯಾರಾದರೂ ನಿಮ್ಮನ್ನು ಬೆದರಿಸುತ್ತಿದ್ದರೆ, ಬೆನ್ನು ಬಿದ್ದು ಕೆಟ್ಟ ಮಾತು ಬರೆಯುತ್ತಿದ್ದರೆ, ಬರೀ ಪದ ಮ್ಯೂಟ್ ಮಾಡಿ ಸುಮ್ಮನಾಗಬೇಡಿ. ನಿಮ್ಮ ಕಣ್ಣಿಗೆ ಮಾತ್ರ ಅದು ಕಾಣುವುದಿಲ್ಲ, ಉಳಿದವರಿಗೆ ಕಾಣುತ್ತಿರುತ್ತದೆ. ಬೆದರಿಕೆ ಜಾಸ್ತಿಯಾಗಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲು ತಾರೀಕು ಮತ್ತು ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಪೋಸ್ಟ್‌ನ ಲಿಂಕ್ ಕಾಪಿ ಮಾಡಿಡಿ, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ನಂಬಿಕೆಯ ಒಬ್ಬರಿಗೆ ಹೇಳಿ. ಅದನ್ನು ನೋಡಲು ನಿಮಗೆ ಆಗುತ್ತಿಲ್ಲ ಅಂದರೆ ಸ್ವಲ್ಪ ದಿನ ನಿಮ್ಮ ಬದಲು ನೋಡಿಕೊಳ್ಳಲು ಅವರನ್ನೇ ಕೇಳಿ. ಆಮೇಲೆ ಬೇಕಾದರೆ ಫಿಲ್ಟರ್.

ಬೇಕಾದದ್ದನ್ನೂ ಪದ ಕೊಟ್ಟೇ ಕರೆಯಿರಿ

ಬೇಡದ್ದು ಹೋದ ಜಾಗ ಖಾಲಿ ಬಿಟ್ಟರೆ ಆ್ಯಪ್ ತನಗೆ ತೋಚಿದ್ದನ್ನು ತುಂಬುತ್ತದೆ. ಮಾಸ್ಟೊಡಾನ್‌ನಲ್ಲಿ 2022ರ ನಾಲ್ಕನೇ ಆವೃತ್ತಿಯಿಂದ ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಬಹುದು, ಆ ಟ್ಯಾಗ್ ಇರುವ ಪೋಸ್ಟ್‌ಗಳು ನಿಮ್ಮ ಹೋಮ್‌ಗೇ ಬರುತ್ತವೆ. ಬ್ಲೂಸ್ಕೈನಲ್ಲಿ ಒಂದೊಂದು ವಿಷಯಕ್ಕೆ ಜನರೇ ಮಾಡಿದ ಫೀಡ್‌ಗಳಿವೆ. ಎಕ್ಸ್‌ನಲ್ಲಿ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಅದೇ ಸಾಲು ಸಿಗುತ್ತದೆ. ಬೇಡದ ಪದದ ಮುಂದೆ ಕಳೆಯುವ ಚಿಹ್ನೆ ಹಾಕಿದರೆ ಅದು ಇರುವ ಪೋಸ್ಟ್‌ಗಳು ಬಿಟ್ಟುಹೋಗುತ್ತವೆ. 'ಹಕ್ಕಿ' ಅಂತ ಹುಡುಕಿ 'ಜ್ವರ' ಕಳೆದರೆ ಹಕ್ಕಿಜ್ವರದ ಸುದ್ದಿ ಕಡಿಮೆಯಾಗಿ ಹಕ್ಕಿಗಳು ಉಳಿಯುತ್ತವೆ. ಆ ಹುಡುಕಾಟವನ್ನು ಸೇವ್ ಮಾಡಿಟ್ಟುಕೊಂಡರೆ ದಿನಕ್ಕೊಮ್ಮೆ ಹೋಗಿ ನೋಡಬಹುದು. ನಾನು ಅಂಥ ಆರು ಹುಡುಕಾಟ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಮೊದಲು ಅವನ್ನೇ ತೆರೆಯುತ್ತೇನೆ, ಹೋಮ್ ಆಮೇಲೆ.

ಬೇಡದ್ದನ್ನು ಪದ ನೋಡಿ ತೆಗೆಯುವ ಆಸೆ ಫೋನಿನ ಕಾಲದ್ದಲ್ಲ. ಕಂಪ್ಯೂಟರ್ ಜಾಲದ ಹಳೆಯ ಯೂಸ್‌ನೆಟ್ ಚರ್ಚಾಗುಂಪುಗಳನ್ನು ಓದಲು ಲ್ಯಾರಿ ವಾಲ್ ಅನ್ನೋ ಪ್ರೋಗ್ರಾಮರ್ 1984ರಲ್ಲಿ ಬರೆದ ಪ್ರೋಗ್ರಾಮ್‌ನಲ್ಲೇ 'ಕಿಲ್ ಫೈಲ್' ಇತ್ತು. ಬೇಡದ ವಿಷಯದ ಪದ ಅದರಲ್ಲಿ ಬರೆದಿಟ್ಟರೆ ಆ ಸಂದೇಶಗಳು ಕಣ್ಣಿಗೆ ಬೀಳುತ್ತಿರಲಿಲ್ಲ.

ತಿಂಗಳಿಗೊಮ್ಮೆ ಪಟ್ಟಿ ತೆರೆಯಿರಿ

ಕ್ಯಾಲೆಂಡರ್‌ನಲ್ಲಿ ತಿಂಗಳಿಗೆ ಒಂದು ದಿನ ಗುರುತು ಹಾಕಿ. ಆ ದಿನ ಪಟ್ಟಿ ತೆರೆದು ಒಂದೊಂದೇ ಪದ ನೋಡಿ. ಯಾಕೆ ಹಾಕಿದ್ದೆ ಅಂತ ನೆನಪಾಗದ ಪದವನ್ನು ತೆಗೆದುಬಿಡಿ. ಬೇಕು ಅನ್ನಿಸಿದರೆ ಮತ್ತೆ ಹಾಕಲು ಅರ್ಧ ನಿಮಿಷ ಸಾಕು. ಅನುಮಾನ ಇದ್ದರೆ ಕಾಯಂ ಮ್ಯೂಟ್ ತೆಗೆದು 30 ದಿನದ್ದು ಹಾಕಿ.

ನನ್ನ ಪಟ್ಟಿಯಲ್ಲಿ ಒಮ್ಮೆ 41 ಪದ ಇದ್ದವು. ಆರನೇ ತಿಂಗಳಿಗೆ 'ಸಾವು' ಗೊಂಚಲು ತೆಗೆದೆ. ಮರುದಿನ ಒಂದು ಪೋಸ್ಟ್ ನೋಡಿ ಕಣ್ಣು ತುಂಬಿತು, ಆದರೆ ಪೂರ್ತಿ ಓದಿದೆ. ಎಂಟನೇ ತಿಂಗಳಿಗೆ 'ಕ್ಯಾನ್ಸರ' ತೆಗೆದೆ, ಗೆಳತಿಯ ತಾಯಿಗೆ ಚಿಕಿತ್ಸೆ ನಡೆಯುತ್ತಿತ್ತು, ನನಗೆ ಗೊತ್ತಿದ್ದದ್ದು ಅವಳಿಗೆ ಬೇಕಿತ್ತು. ಈಗ ಹನ್ನೊಂದು ಪದ ಇವೆ. ಅದರಲ್ಲಿ ಒಂದು, ಅಪ್ಪನಿಗೆ ಕೊನೆಯಲ್ಲಿ ಕೊಡುತ್ತಿದ್ದ ಔಷಧದ ಹೆಸರು. ಅದನ್ನು ಮೂರು ಕಾಗುಣಿತದಲ್ಲಿ ಹಾಕಿದ್ದೇನೆ, ಪ್ರತಿ 30 ದಿನಕ್ಕೆ ಮತ್ತೆ ಹಾಕುತ್ತೇನೆ.